ಒಂದೇ ಹಂಡೆ, ನಾಲ್ಕು ಯೀಸ್ಟ್: ಮನೆಯಲ್ಲಿ ಗೋಧಿ ಬಿಯರ್ ಮಾಡುವ ಸಮಗ್ರ ಮಾರ್ಗದರ್ಶಿ

ಜರ್ಮನಿಯ ಬವೇರಿಯಾದ ಗೋಧಿ ಬಿಯರ್‌ಗೆ ಯಾರೂ ಬಾಳೆಹಣ್ಣು ಹಾಕುವುದಿಲ್ಲ, ಲವಂಗವನ್ನೂ ಹಾಕುವುದಿಲ್ಲ. ಆದರೂ ಲೋಟವನ್ನು ಮೂಗಿನ ಹತ್ತಿರ ತಂದರೆ ಎರಡರ ವಾಸನೆಯೂ ಬರುತ್ತದೆ. ಎರಡೂ ಯೀಸ್ಟ್‌ನ ಕೆಲಸ. ಬೇರೆ ಬಹಳಷ್ಟು ಬಿಯರ್‌ಗಳಲ್ಲಿ ಹಾಪ್ಸ್ (ಕಹಿ ಕೊಡುವ ಹೂ) ಅಥವಾ ಹುರಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಮುಂದೆ ಬರುತ್ತವೆ. ಇಲ್ಲಿ ಅವು ತೆಪ್ಪಗಿರುತ್ತವೆ. ಹಾಗಾಗಿ ರೆಸಿಪಿಯನ್ನು ತಿದ್ದುತ್ತಾ ಕೂರುವುದಕ್ಕಿಂತ ಯೀಸ್ಟ್ ಹೇಗೆ ನಡೆದುಕೊಳ್ಳುತ್ತದೆ ಅಂತ ತಿಳಿದುಕೊಳ್ಳುವುದೇ ಮೇಲು.

ತಿಳಿದುಕೊಳ್ಳಲು ಒಂದು ನೇರವಾದ ದಾರಿ ಇದೆ. 20 ಲೀಟರ್‌ನ ಒಂದೇ ಬ್ಯಾಚ್ ಕುದಿಸಿ, ನಾಲ್ಕು ಪಾಲು ಮಾಡಿ, ಒಂದೊಂದಕ್ಕೆ ಒಂದೊಂದು ಯೀಸ್ಟ್ ಹಾಕುವುದು. ಧಾನ್ಯ, ನೀರು, ಹಾಪ್ಸ್ ಎಲ್ಲ ಒಂದೇ ಆದ್ದರಿಂದ ಕೊನೆಗೆ ಲೋಟದಲ್ಲಿ ಕಾಣುವ ವ್ಯತ್ಯಾಸ ಯೀಸ್ಟ್‌ನದೇ. ಈ ಬರಹ ಆ ನಾಲ್ಕು ಪಾಲಿನ ಬ್ಯಾಚ್ ಬಗ್ಗೆ. ಒಂದೆರಡು ಸಲ ಸಾದಾ ಬಿಯರ್ ಮಾಡಿ ಅಭ್ಯಾಸ ಇರುವವರಿಗೆ ಇದು ಕಷ್ಟವಾಗುವುದಿಲ್ಲ.

ಮೊದಲು ಕಾನೂನು

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಮನೆಗೆ ಮಾತ್ರ ಅಂದರೂ ಬಿಯರ್ ಮಾಡುವಂತಿಲ್ಲ. ಬೆಂಗಳೂರಿನಲ್ಲಿರುವವರಿಗೆ ಮೈಕ್ರೋಬ್ರೂವರಿಗಳ ಹೆಫೆವೈಜನ್ (ಇದೇ ಬಗೆಯ ಗೋಧಿ ಬಿಯರ್) ಇದ್ದೇ ಇದೆ. ಇದನ್ನು ಬರೆಯುತ್ತಿರುವುದು ಹೊರದೇಶಗಳಲ್ಲಿರುವ ಕನ್ನಡಿಗರಿಗೆ. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನಿನ ಪ್ರಕಾರ ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್, ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು. ಬ್ರಿಟನ್ನಿನಲ್ಲಿ 1963ರಿಂದ ಲೈಸೆನ್ಸ್ ಬೇಕಿಲ್ಲ. ಮಾರುವುದು ಮಾತ್ರ ಎರಡೂ ಕಡೆ ಬೇರೆಯೇ ವಿಷಯ. ನೀವಿರುವ ದೇಶ, ರಾಜ್ಯದ ನಿಯಮ ನೋಡಿಕೊಂಡೇ ಒಲೆ ಹಚ್ಚಿ.

ಬಾಳೆಹಣ್ಣು ಎಲ್ಲಿಂದ, ಲವಂಗ ಎಲ್ಲಿಂದ

ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರ್‌ನದು. ಎಸ್ಟರ್ ಅಂದರೆ ಹಣ್ಣಿನ ವಾಸನೆ ಕೊಡುವ ಒಂದು ಬಗೆಯ ರಾಸಾಯನಿಕ. ನಿಜವಾದ ಬಾಳೆಹಣ್ಣಿನಲ್ಲೂ ಇದೇ ಇರುವುದು. ಚೆನ್ನಾಗಿ ಕಳಿತ ಪಚ್ಚಬಾಳೆಯ ವಾಸನೆ ನೆನಪಿಸಿಕೊಳ್ಳಿ. ಯೀಸ್ಟ್ ಸಕ್ಕರೆ ತಿಂದು ಬೆಳೆಯುವಾಗ ಇದನ್ನು ಹೊರಗೆ ಬಿಡುತ್ತದೆ. ಬಿಸಿ ಜಾಸ್ತಿಯಾದರೆ ಎಸ್ಟರ್ ಜಾಸ್ತಿ. ಯೀಸ್ಟ್ ಸ್ವಲ್ಪ ಕಡಿಮೆ ಹಾಕಿದರೂ ಜಾಸ್ತಿ, ಏಕೆಂದರೆ ಆಗ ಅದು ಹೆಚ್ಚು ಸಲ ಮರಿ ಹಾಕಬೇಕಾಗುತ್ತದೆ. ಪಾತ್ರೆ ಅಗಲವಾಗಿದ್ದು ಬಿಯರ್‌ನ ಆಳ ಕಡಿಮೆ ಇದ್ದರೂ ಎಸ್ಟರ್ ಏರುತ್ತದೆ. ಬವೇರಿಯಾದ ಕೆಲವು ಹಳೆಯ ಬ್ರೂವರಿಗಳು ಇವತ್ತಿಗೂ ತೆರೆದ, ಆಳವಿಲ್ಲದ ತೊಟ್ಟಿಗಳಲ್ಲಿ ಗೋಧಿ ಬಿಯರ್ ಹುದುಗಿಸುವುದು ಸುಮ್ನೆ ಅಲ್ಲ.

ಲವಂಗದ ದಾರಿ ಬೇರೆ. ಗೋಧಿ ಮತ್ತು ಬಾರ್ಲಿಯ ಕೋಶಗಳ ಗೋಡೆಯಲ್ಲಿ ಫೆರುಲಿಕ್ ಆಮ್ಲ ಅಂಟಿಕೊಂಡಿರುತ್ತದೆ. ಮಾಲ್ಟ್ ಅನ್ನು 43ರಿಂದ 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ, ಧಾನ್ಯದಲ್ಲೇ ಇರುವ ಎಂಜೈಮ್ ಅದನ್ನು ಬಿಡಿಸುತ್ತದೆ. ಆಮೇಲೆ ಯೀಸ್ಟ್ ಅದನ್ನು 4-ವಿನೈಲ್ ಗ್ವಾಯಕಾಲ್ ಆಗಿ ಬದಲಿಸುತ್ತದೆ. ಲವಂಗದ ಘಾಟು ಅದರದ್ದು. ಆದರೆ ಈ ಕೆಲಸ ಎಲ್ಲ ಯೀಸ್ಟ್‌ಗಳಿಗೂ ಬರುವುದಿಲ್ಲ. ಅದಕ್ಕೆ ಎರಡು ಜೀನ್‌ಗಳು ಸರಿಯಾಗಿ ನಡೆಯಬೇಕು. ಸಾಮಾನ್ಯ ಏಲ್ ಯೀಸ್ಟ್‌ಗಳಲ್ಲಿ ಅವು ಎಂದೋ ಕೆಟ್ಟು ನಿಂತಿವೆ. ಬ್ರೂವರ್‌ಗಳೇ ತಲೆಮಾರುಗಳ ಕಾಲ ಲವಂಗ ಬಾರದ ಯೀಸ್ಟ್‌ಗಳನ್ನು ಆರಿಸಿ ಉಳಿಸಿಕೊಂಡದ್ದರ ಫಲ ಅದು. ಗೋಧಿ ಬಿಯರ್ ಮಾಡುವವರು ಮಾತ್ರ ಆ ಗುಣವನ್ನು ಬಿಟ್ಟುಕೊಡಲಿಲ್ಲ.

ಬೇಕಾಗುವ ಸಾಮಾನು

ಗೋಧಿ ಮಾಲ್ಟ್ 2.5 ಕಿಲೋ, ಪಿಲ್ಸ್‌ನರ್ ಮಾಲ್ಟ್ 2 ಕಿಲೋ. ಜರ್ಮನಿಯಲ್ಲಿ ವೈಜನ್‌ಬಿಯರ್ ಅನ್ನಿಸಿಕೊಳ್ಳಲು ಕನಿಷ್ಠ ಅರ್ಧದಷ್ಟು ಗೋಧಿ ಮಾಲ್ಟ್ ಇರಲೇಬೇಕು. ನಮ್ಮದು ಸುಮಾರು 55 ಶೇಕಡಾ. ಹಾಲರ್‌ಟೌ ಹಾಪ್ಸ್ 25 ಗ್ರಾಂ, ಅದರಲ್ಲಿ ಕಹಿ ಕೊಡುವ ಆಲ್ಫಾ ಆಮ್ಲ 4 ಶೇಕಡಾ ಆಸುಪಾಸು ಇರಲಿ. ಕಹಿ 11–12 ಐಬಿಯು (ಬಿಯರ್‌ನ ಕಹಿಯ ಅಳತೆ) ಬರುತ್ತದೆ, ಅಷ್ಟು ಸಾಕು. ಎರಡು ಹಿಡಿ ಭತ್ತದ ಹೊಟ್ಟು ಸಿಕ್ಕರೆ ಒಳ್ಳೆಯದು. ಗೋಧಿಗೆ ಸಿಪ್ಪೆ ಇಲ್ಲದ ಕಾರಣ ಸೋಸುವಾಗ ಕಟ್ಟಿಕೊಳ್ಳುತ್ತದೆ. ಹೊಟ್ಟು ಬೆರೆಸಿದರೆ ನೀರು ಸಲೀಸಾಗಿ ಇಳಿಯುತ್ತದೆ.

ಇಂಡಿಯನ್ ಸ್ಟೋರಿನ ಗೋಧಿಯನ್ನೇ ತಂದು ಹಾಕಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಅದು ಮೊಳಕೆ ಬರಿಸಿ ಒಣಗಿಸಿದ ಗೋಧಿ ಅಲ್ಲ. ಪಿಷ್ಟವನ್ನು ಸಕ್ಕರೆ ಮಾಡುವ ಎಂಜೈಮ್‌ಗಳು ಅದರಲ್ಲಿ ಸಾಲವು. ಬೆಲ್ಜಿಯಂನ ವಿಟ್‌ಬಿಯರ್‌ಗೆ ಹಸಿ ಗೋಧಿ ಹಾಕುವ ರೂಢಿ ಇದೆ, ಆದರೆ ಅಲ್ಲಿ ಬಾರ್ಲಿ ಮಾಲ್ಟ್ ಅದರ ಭಾರವನ್ನೂ ಹೊರುತ್ತದೆ. ಈ ಬ್ಯಾಚಿಗೆ ಮಾಲ್ಟ್ ಅನ್ನೇ ಕೊಳ್ಳಿ.

ಪಾತ್ರೆಗಳ ಪೈಕಿ 35 ಲೀಟರ್‌ನ ಹಂಡೆ ಒಂದು, ಧಾನ್ಯ ನೆನೆಸಲು ಬಲೆಚೀಲ ಅಥವಾ ಮ್ಯಾಶ್ ಡಬ್ಬ, ಥರ್ಮಾಮೀಟರ್, ಹೈಡ್ರೋಮೀಟರ್ (ನೀರಿಗೆ ಹೋಲಿಸಿ ಸಾಂದ್ರತೆ ಅಳೆದು ಎಷ್ಟು ಸಕ್ಕರೆ ಇದೆ ಅಂತ ತೋರಿಸುವ ಸಾಧನ), 0.1 ಗ್ರಾಂ ತೂಗುವ ಚಿಕ್ಕ ತಕ್ಕಡಿ, ವರ್ಟ್ (ಧಾನ್ಯದಿಂದ ಇಳಿಸಿದ ಸಿಹಿ ನೀರು) ತಣಿಸುವ ತಾಮ್ರದ ಸುರುಳಿ. ಹುದುಗಿಸಲು ನಾಲ್ಕು ಪಾತ್ರೆ. ಪ್ರತಿಯೊಂದರಲ್ಲೂ 5 ಲೀಟರ್ ಹಾಕುತ್ತೇವೆ, ಆದರೆ ಪಾತ್ರೆ 8ರಿಂದ 10 ಲೀಟರ್‌ನದ್ದೇ ಆಗಬೇಕು. ವೈಜನ್ ಯೀಸ್ಟ್‌ನ ನೊರೆ ಬೇಸಿಗೆಯ ಇಡ್ಲಿ ಹಿಟ್ಟಿನ ಹಾಗೆ ಮುಚ್ಚಳ ಎತ್ತಿಕೊಂಡು ಹೊರಗೆ ಬರುತ್ತದೆ.

ನಾಲ್ಕು ಯೀಸ್ಟ್

*ವೈಯೀಸ್ಟ್ 3068.* ದ್ರವ ಯೀಸ್ಟ್. ಫ್ರೈಸಿಂಗ್ ಊರಿನ ವೈಹೆನ್‌ಸ್ಟೆಫಾನ್ ಯೀಸ್ಟ್ ಬ್ಯಾಂಕಿನ ಡಬ್ಲ್ಯೂ-68 ತಳಿ ಇದೇ. ಬವೇರಿಯಾದ ಗೋಧಿ ಬಿಯರ್ ಅಂದ ಕೂಡಲೇ ಜನರಿಗೆ ನೆನಪಾಗುವ ರುಚಿ ಹೆಚ್ಚಾಗಿ ಇದರದ್ದು. ಬಾಳೆ ಮುಂದೆ, ಲವಂಗ ಹಿಂದೆ, ಎರಡೂ ಧಾರಾಳ. ಸಕ್ಕರೆಯಲ್ಲಿ ಮುಕ್ಕಾಲು ಪಾಲು ತಿಂದು ನಿಲ್ಲಿಸುತ್ತದೆ, ಹಾಗಾಗಿ ಬಾಯಿಗೆ ತುಂಬಿದಂತೆ ಇರುತ್ತದೆ. ಇದು ಸಿಗದಿದ್ದರೆ ವೈಟ್ ಲ್ಯಾಬ್ಸ್‌ನ ಡಬ್ಲ್ಯೂಎಲ್‌ಪಿ 300 ತಗೊಳ್ಳಿ.

*ಲಾಲ್‌ಮಾಂಡ್ ಮ್ಯೂನಿಕ್ ಕ್ಲಾಸಿಕ್.* ಒಣ ಯೀಸ್ಟ್. ಒಣ ಪ್ಯಾಕೆಟ್‌ಗಳಲ್ಲಿ 3068ಗೆ ಹತ್ತಿರ ಬರುವುದು ಇದೇ ಅಂತ ನನ್ನ ಲೆಕ್ಕ. ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಬೆಲೆಯೂ ಕಡಿಮೆ. ಒಂದೇ ಯೀಸ್ಟ್ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

*ಫರ್ಮೆಂಟಿಸ್ ಡಬ್ಲ್ಯೂಬಿ-06.* ಇದೂ ಒಣ ಯೀಸ್ಟ್. ಹೆಸರಿನಲ್ಲೇ ಗೋಧಿ ಬಿಯರ್ ಇದ್ದರೂ ಇದರ ಸ್ವಭಾವ ಬೇರೆ. ಇದು ಡಯಾಸ್ಟ್ಯಾಟಿಕಸ್ ಎಂಬ ಬಗೆಗೆ ಸೇರಿದ್ದು. ಬೇರೆ ಯೀಸ್ಟ್‌ಗಳು ಮುಟ್ಟದ ಡೆಕ್ಸ್‌ಟ್ರಿನ್‌ಗಳನ್ನೂ (ಪಿಷ್ಟದ ಪೂರ್ತಿ ಒಡೆಯದ ತುಣುಕುಗಳು) ಒಡೆದು ತಿನ್ನುತ್ತದೆ. ಸಕ್ಕರೆಯ 86ರಿಂದ 90 ಶೇಕಡಾ ಖಾಲಿಯಾಗುತ್ತದೆ. ಬಿಯರ್ ತೆಳುವಾಗಿ, ಸಿಹಿ ಇಲ್ಲದೆ, ಸ್ವಲ್ಪ ಹುಳಿಯ ಕಡೆಗೆ ಬರುತ್ತದೆ. ಸೆಖೆಗೆ ಚೆನ್ನ. ಮ್ಯೂನಿಕ್‌ನಲ್ಲಿ ಕುಡಿದದ್ದು ಬೇಕು ಅನ್ನುವವರಿಗೆ ಮಾತ್ರ ನಿರಾಶೆ.

*ಫರ್ಮೆಂಟಿಸ್ ಯುಎಸ್-05.* ಅಮೆರಿಕದ ಸಾದಾ ಏಲ್ ಯೀಸ್ಟ್. ಇದನ್ನು ಸೇರಿಸಿರುವುದು ಹೋಲಿಕೆಗೆ. ಲವಂಗ ಮಾಡುವ ಜೀನ್ ಇದರಲ್ಲಿ ಕೆಲಸ ಮಾಡುವುದಿಲ್ಲ, ಬಾಳೆಯೂ ಅಷ್ಟಕ್ಕಷ್ಟೇ. ಧಾನ್ಯದ ರುಚಿ ಎಷ್ಟು, ಯೀಸ್ಟ್‌ನ ರುಚಿ ಎಷ್ಟು ಅಂತ ಈ ಲೋಟ ಹೇಳುತ್ತದೆ. ದಯವಿಟ್ಟು ಇದನ್ನು ಬಿಡಬೇಡಿ.

ಬಾಳೆ ಹಿಡಿಸದವರು 3068ರ ಜಾಗದಲ್ಲಿ ಡಬ್ಲ್ಯೂಎಲ್‌ಪಿ 380 ಹಾಕಬಹುದು, ಅದರಲ್ಲಿ ಲವಂಗ ಮುಂದೆ.

ಒಂದು ಸಣ್ಣ ಇತಿಹಾಸ. 1516ರ ಬವೇರಿಯಾದ ಕಟ್ಟಳೆ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ ಅಂದಿತ್ತು. ಆದರೂ ವಿನಾಯಿತಿಯಾಗಿ ಗೋಧಿ ಬಿಯರ್ ಮಾಡುವ ಹಕ್ಕು ಡೇಗನ್‌ಬರ್ಗ್ ಮನೆತನದ ಕೈಯಲ್ಲಿತ್ತು. 1602ರಲ್ಲಿ ಆ ವಂಶ ಮುಗಿದಾಗ ಡ್ಯೂಕ್ ಒಂದನೇ ಮ್ಯಾಕ್ಸಿಮಿಲಿಯನ್ ಅದನ್ನು ತನ್ನದಾಗಿಸಿಕೊಂಡ. ಮುಂದೆ ಅರಮನೆಯ ಬೊಕ್ಕಸಕ್ಕೆ ಅದರಿಂದ ಒಳ್ಳೆಯ ಆದಾಯ. ತಂಪಿನಲ್ಲಿ ಹುದುಗಿಸುವ ಲಾಗರ್ ಬಿಯರ್ ಬಂದು ಗೋಧಿ ಬಿಯರ್ ಬೇಡವಾದ ಕಾಲದಲ್ಲಿ, 1872ರಲ್ಲಿ, ಜಾರ್ಜ್ ಶ್ನೈಡರ್ ಎಂಬಾತ ಅದನ್ನು ಮಾಡುವ ಹಕ್ಕು ಪಡೆದ. ಅವನ ಮನೆತನ ಇಂದಿಗೂ ಅದನ್ನೇ ಮಾಡುತ್ತಿದೆ.

ಕುದಿಸುವ ದಿನ

ನೀರಿನಿಂದ ಶುರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಅಥವಾ ಕ್ಲೋರಮೈನ್ ಇದ್ದರೆ ಬಿಯರ್‌ಗೆ ಔಷಧಿ ಅಂಗಡಿಯ ವಾಸನೆ ಬರುತ್ತದೆ. ಗೋಧಿ ಬಿಯರ್‌ನಲ್ಲಿ ಅದನ್ನು ಲವಂಗ ಅಂದುಕೊಂಡು ಮೋಸಹೋಗುವುದು ಸುಲಭ. 30 ಲೀಟರ್ ನೀರಿಗೆ ಅರ್ಧ ಕ್ಯಾಂಪ್‌ಡೆನ್ ಮಾತ್ರೆ ಪುಡಿ ಮಾಡಿ ಕದಡಿ, ಅಷ್ಟಕ್ಕೆ ಹೋಗುತ್ತದೆ.

ಗೋಧಿ ಕಾಳು ಚಿಕ್ಕದು, ಗಟ್ಟಿ. ಬಾರ್ಲಿಯ ಜೊತೆ ಒಂದೇ ಸಲ ಗಿರಣಿಗೆ ಹಾಕಿದರೆ ಅರ್ಧ ಕಾಳು ಹಾಗೇ ಉಳಿಯುತ್ತದೆ. ಗಿರಣಿಯ ಸಂದು ಕಿರಿದು ಮಾಡಿ ಅದನ್ನು ಬೇರೆಯಾಗಿ ಒಡೆಯಿರಿ. ತರಿತರಿಯಾಗಬೇಕು, ಹಿಟ್ಟಾಗಬಾರದು.

10 ಲೀಟರ್ ನೀರನ್ನು 48 ಡಿಗ್ರಿಗೆ ಬಿಸಿ ಮಾಡಿ, ಒಡೆದ ಮಾಲ್ಟ್ ಮತ್ತು ಹೊಟ್ಟು ಹಾಕಿ ಗಂಟಿಲ್ಲದಂತೆ ಕಲಸಿ. ಕೋಣೆಯ ಬಿಸಿ 25 ಡಿಗ್ರಿ ಇದ್ದರೆ ಮಿಶ್ರಣ 44ರ ಹತ್ತಿರ ನಿಲ್ಲುತ್ತದೆ. ಮುಚ್ಚಿ 15 ನಿಮಿಷ ಬಿಡಿ. ಲವಂಗಕ್ಕೆ ಬೇಕಾದ ಫೆರುಲಿಕ್ ಆಮ್ಲ ಬಿಡಿಸಿಕೊಳ್ಳುವ ಹೊತ್ತು ಇದು. ಆಮೇಲೆ ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಕದಡಿ. 7.5ರಿಂದ 8 ಲೀಟರ್ ಹೋಗುವಷ್ಟರಲ್ಲಿ 66 ಡಿಗ್ರಿ ಮುಟ್ಟುತ್ತದೆ. ಕೊನೆಯ ಒಂದು ಲೀಟರ್ ಹಾಕುವ ಮುಂಚೆ ಥರ್ಮಾಮೀಟರ್ ನೋಡಿ. 66ರಲ್ಲಿ ಒಂದು ಗಂಟೆ ಇಡಿ. ಪಿಷ್ಟ ಸಕ್ಕರೆಯಾಗುವುದು ಈಗಲೇ.

ನಂತರ ವರ್ಟ್ ಇಳಿಸಿಕೊಂಡು, 76 ಡಿಗ್ರಿಯ 11 ಲೀಟರ್ ನೀರಿನಿಂದ ಧಾನ್ಯವನ್ನು ನಿಧಾನವಾಗಿ ತೊಳೆಯಿರಿ. ಅವಸರಪಟ್ಟು ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಗೋಧಿ ಅಂಟಾಗಿ ಕಟ್ಟಿ ನಿಲ್ಲುತ್ತದೆ. ಹಾಗೆ ನಿಂತರೆ ಮೇಲಿಂದ ಕದಡಿ, ಹತ್ತು ನಿಮಿಷ ಬಿಟ್ಟು, ಮತ್ತೆ ನಿಧಾನವಾಗಿ ಶುರು ಮಾಡಿ. ಹಂಡೆಯಲ್ಲಿ ಸುಮಾರು 24 ಲೀಟರ್ ಸೇರಬೇಕು.

ಒಂದು ಗಂಟೆ ಕುದಿಸಿ. ಕುದಿ ಬಂದ ಕೂಡಲೇ ಹಾಪ್ಸ್ ಎಲ್ಲ ಹಾಕಿಬಿಡಿ. ಕೊನೆಯಲ್ಲಿ ಹಾಕುವ ವಾಸನೆಯ ಹಾಪ್ಸ್ ಇದಕ್ಕೆ ಬೇಡ. ಮುಚ್ಚಳ ತೆಗೆದೇ ಇರಲಿ. ಗೋಧಿಯ ಪ್ರೋಟೀನ್‌ನಿಂದ ಮೊದಲ ಹತ್ತು ನಿಮಿಷ ಉಕ್ಕುವ ಭಯ ಇದೆ, ಒಲೆ ಬಿಟ್ಟು ಹೋಗಬೇಡಿ. ಆರಿಸುವಾಗ 21 ಲೀಟರ್ ಆಸುಪಾಸು ಉಳಿಯುತ್ತದೆ. ಸುರುಳಿ ಇಳಿಸಿ ಆದಷ್ಟು ಬೇಗ 18 ಡಿಗ್ರಿಗೆ ತಣಿಸಿ. ಹೈಡ್ರೋಮೀಟರ್ 1.050 ಹತ್ತಿರ ತೋರಿಸಬೇಕು. ಒಂದೆರಡು ಅಂಕ ಆಚೀಚೆ ಆದರೆ ತಲೆಕೆಡಿಸಿಕೊಳ್ಳಬೇಡಿ, ನಾಲ್ಕಕ್ಕೂ ಅದೇ ತಾನೆ.

ಪಾಲು ಮಾಡುವುದು

ಇಲ್ಲಿಂದ ಮುಂದೆ ವರ್ಟ್ ಮುಟ್ಟುವ ಪ್ರತಿಯೊಂದು ವಸ್ತುವೂ ತೊಳೆದು ಸ್ಯಾನಿಟೈಸ್ ಆಗಿರಬೇಕು. ಸ್ಟಾರ್ ಸ್ಯಾನ್ ಆದರೆ ಲೀಟರ್‌ಗೆ 1.5 ಮಿಲಿಲೀಟರ್ ಸಾಕು. ತಳದ ಗಸಿಯನ್ನು ಹಂಡೆಯಲ್ಲೇ ಬಿಟ್ಟು, ಪಾತ್ರೆಗೆ 5 ಲೀಟರ್‌ನಂತೆ ಹಂಚಿ. ಒಂದನ್ನು ತುಂಬಿ ಮುಗಿಸಿ ಇನ್ನೊಂದಕ್ಕೆ ಹೋದರೆ ಕೊನೆಯ ಪಾತ್ರೆಗೆ ಗಸಿ ಜಾಸ್ತಿ ಹೋಗುತ್ತದೆ. ಒಂದೊಂದು ಲೀಟರ್ ಸರದಿಯಂತೆ ಹಾಕುವುದು ಒಳ್ಳೆಯದು. ನಾಲ್ಕನ್ನೂ ಒಂದೇ ಸಮ ಕುಲುಕಿ ಗಾಳಿ ಸೇರಿಸಿ.

ಒಣ ಯೀಸ್ಟ್ ಪಾತ್ರೆಗೆ 3 ಗ್ರಾಂ, ತೂಗಿಯೇ ಹಾಕಿ. ಪೂರ್ತಿ 11 ಗ್ರಾಂ ಪ್ಯಾಕೆಟ್ ಸುರಿದರೆ ಎಸ್ಟರ್ ಕುಗ್ಗುತ್ತದೆ, ಆಮೇಲೆ ಯೀಸ್ಟ್ ಸರಿಯಿಲ್ಲ ಅಂತ ಬೈದು ಪ್ರಯೋಜನವಿಲ್ಲ. ದ್ರವ ಯೀಸ್ಟ್ ಪ್ಯಾಕ್ ತಾಜಾ ಇದ್ದರೆ ಅದರಲ್ಲಿ 100 ಶತಕೋಟಿ ಕೋಶ ಇರುತ್ತವೆ. 5 ಲೀಟರ್‌ಗೆ ಅದರ ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ ಸಾಕು.

ಡಬ್ಲ್ಯೂಬಿ-06 ಅನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ. ಅದರ ಒಂದು ಹನಿ ಬೇರೆ ಪಾತ್ರೆಗೆ ಸೇರಿದರೆ ಅಲ್ಲೂ ಉಳಿದ ಸಕ್ಕರೆಯನ್ನು ಮೆಲ್ಲಗೆ ತಿನ್ನುತ್ತಾ ಹೋಗುತ್ತದೆ. ಬಾಟಲಿಯೊಳಗೆ ಹಾಗಾದರೆ ಬಾಟಲಿ ಸಿಡಿಯಬಹುದು. ಅದರ ಕೊಳವೆ, ಅಳತೆ ಗೊಳವೆ ಎಲ್ಲ ಬೇರೆ ಇರಲಿ. ಪ್ಲಾಸ್ಟಿಕ್ ಕೊಳವೆಯಾದರೆ ಮುಂದೆಯೂ ಅದಕ್ಕೇ ಮೀಸಲಿಡಿ.

ಹುದುಗುವ ದಿನಗಳು

ನಾಲ್ಕನ್ನೂ ಒಂದೇ ಜಾಗದಲ್ಲಿ, 18–20 ಡಿಗ್ರಿಯಲ್ಲಿ ಇಡಿ. ಕೋಣೆಯ ಬಿಸಿ ಬೇರೆ, ಪಾತ್ರೆಯೊಳಗಿನ ಬಿಸಿ ಬೇರೆ. ಹುದುಗುವಾಗ ಒಳಗೆ ಎರಡು ಮೂರು ಡಿಗ್ರಿ ಏರುತ್ತದೆ. ಥರ್ಮಾಮೀಟರ್ ಪಟ್ಟಿಯನ್ನು ಪಾತ್ರೆಗೇ ಅಂಟಿಸಿ. 24 ದಾಟಿದರೆ ಬಾಳೆಯ ಜೊತೆ ಸ್ಪಿರಿಟ್‌ನಂಥ ಸುಡುವ ಘಾಟು ಬರುತ್ತದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿರುವವರು ಬೇಸಿಗೆಯಲ್ಲಿ ಇದನ್ನು ಮಾಡದಿರುವುದೇ ಮೇಲು, ಇಲ್ಲವೇ ನೀರು ತುಂಬಿದ ಟಬ್ಬಿನಲ್ಲಿ ಪಾತ್ರೆ ಇಟ್ಟು ಐಸ್ ಬಾಟಲಿ ಬದಲಿಸುತ್ತಿರಿ.

ಏರ್‌ಲಾಕ್ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಚಿಕ್ಕ ಮುಚ್ಚಳ) ಬದಲು ಪಾತ್ರೆಯಿಂದ ದಪ್ಪ ಕೊಳವೆಯನ್ನು ನೀರಿನ ಜಾಡಿಗೆ ಇಳಿಸಿ. ಮರುದಿನ ನೊರೆ ಏಳುತ್ತದೆ, ಎರಡನೇ ದಿನ ಅದರ ಅಬ್ಬರ ನೋಡಬೇಕು. 3068 ಇರುವ ಪಾತ್ರೆಯಿಂದ ಕೊಳೆತ ಮೊಟ್ಟೆಯ ವಾಸನೆ ಬರಬಹುದು. ಬಿಯರ್ ಕೆಟ್ಟಿಲ್ಲ, ಅದು ಗಂಧಕ. ತಾನಾಗಿ ಹಾರಿಹೋಗುತ್ತದೆ.

ಒಂದು ವಾರದ ನಂತರ ಹೈಡ್ರೋಮೀಟರ್ ಇಳಿಸಿ ನೋಡಿ, ಮೂರು ದಿನ ಬಿಟ್ಟು ಮತ್ತೆ ನೋಡಿ. 3068 ಸುಮಾರು 1.012ರಲ್ಲಿ, ಮ್ಯೂನಿಕ್ ಕ್ಲಾಸಿಕ್ ಮತ್ತು ಯುಎಸ್-05 ಸುಮಾರು 1.010ರಲ್ಲಿ ನಿಲ್ಲುತ್ತವೆ. ಡಬ್ಲ್ಯೂಬಿ-06 ಮಾತ್ರ 1.006ರವರೆಗೆ ಇಳಿಯುತ್ತದೆ, ಅಷ್ಟಕ್ಕೆ ಎರಡು ವಾರಕ್ಕಿಂತ ಜಾಸ್ತಿಯೂ ಬೇಕಾಗಬಹುದು. 1.008ಕ್ಕಿಂತ ಮೇಲಿದ್ದರೆ ಅದನ್ನು ಬಾಟಲಿಗೆ ತುಂಬಬೇಡಿ. ಮೊದಲಿನದರಲ್ಲಿ ಆಲ್ಕೋಹಾಲ್ 5 ಶೇಕಡಾ ಬಂದರೆ, ಇದರಲ್ಲಿ ಅದೇ ವರ್ಟ್‌ನಿಂದ 5.8ರ ಹತ್ತಿರ ಬರುತ್ತದೆ.

ಬಾಟಲಿಗೆ ತುಂಬುವುದು

ಗೋಧಿ ಬಿಯರ್‌ಗೆ ಗ್ಯಾಸ್ ಜಾಸ್ತಿ ಬೇಕು. ಅದನ್ನು ವಾಲ್ಯೂಮ್‌ನಲ್ಲಿ, ಅಂದರೆ ಒಂದು ಲೀಟರ್ ಬಿಯರ್‌ನಲ್ಲಿ ಎಷ್ಟು ಲೀಟರ್ ಗ್ಯಾಸ್ ಕರಗಿದೆ ಅಂತ ಅಳೆಯುತ್ತಾರೆ. 3ಕ್ಕಿಂತ ಕಡಿಮೆ ವಾಲ್ಯೂಮ್ ಆದರೆ ಸಪ್ಪೆ. ನಾವು 3.2 ವಾಲ್ಯೂಮ್ ಗುರಿ ಇಟ್ಟುಕೊಳ್ಳೋಣ. 20 ಡಿಗ್ರಿಯಲ್ಲಿ ಹುದುಗಿದ ಬಿಯರ್‌ಗೆ ಲೀಟರ್‌ಗೆ 9 ಗ್ರಾಂ ಸಾದಾ ಸಕ್ಕರೆ, ಅಂದರೆ ಅರ್ಧ ಲೀಟರ್ ಬಾಟಲಿಗೆ 4.5 ಗ್ರಾಂ. ಚಮಚದ ಅಂದಾಜು ಬೇಡ, ತೂಗಿ. ಗಟ್ಟಿಯಾದ ಜರ್ಮನ್ ವೈಜನ್ ಬಾಟಲಿ ಅಥವಾ ಶಾಂಪೇನ್ ಬಾಟಲಿ ಬಳಸಿ. ತೆಳು ಗಾಜಿನ ಬಿಯರ್ ಬಾಟಲಿ ಈ ಒತ್ತಡ ತಡೆಯುವ ಭರವಸೆ ಇಲ್ಲ. ಸೋಡಾದ ಪ್ಲಾಸ್ಟಿಕ್ ಬಾಟಲಿಯೂ ಆಗುತ್ತದೆ. ಹಿಸುಕಿ ನೋಡಿದರೆ ಗ್ಯಾಸ್ ಎಷ್ಟಾಗಿದೆ ಅಂತ ಗೊತ್ತಾಗುವುದು ಅದರ ಲಾಭ, ಆದರೆ ಕತ್ತಲಲ್ಲಿಡಬೇಕು.

ಮುಚ್ಚಳದ ಮೇಲೆ ಯೀಸ್ಟ್ ಹೆಸರಿನ ಬದಲು ಅಂಕಿ ಬರೆಯಿರಿ, ಯಾವುದಕ್ಕೆ ಯಾವುದು ಅಂತ ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ. ಎರಡು ವಾರ 20 ಡಿಗ್ರಿಯಲ್ಲಿ, ಆಮೇಲೆ ಎರಡು ಮೂರು ದಿನ ಫ್ರಿಜ್ಜಿನಲ್ಲಿ. ಇಟ್ಟಷ್ಟೂ ರುಚಿ ಹೆಚ್ಚುವ ಬಿಯರ್ ಇದಲ್ಲ. ಬಾಳೆಯ ವಾಸನೆ ಕೆಲವು ವಾರಗಳಲ್ಲೇ ಇಳಿಯಲು ಶುರುವಾಗುತ್ತದೆ.

ಕುಡಿದು ನೋಡುವುದು

ಒಂದೇ ಬಗೆಯ ನಾಲ್ಕು ಲೋಟ, 8–10 ಡಿಗ್ರಿ ತಂಪು. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಮೂಗಿಗೆ ಏನೂ ಸಿಗುವುದಿಲ್ಲ. ಲೋಟವನ್ನು ತಣ್ಣೀರಿನಲ್ಲಿ ಅದ್ದಿ, ಓರೆ ಹಿಡಿದು ಸುರಿಯಿರಿ. ಬಾಟಲಿಯಲ್ಲಿ ಸ್ವಲ್ಪ ಉಳಿದಾಗ ಗಿರ್ರನೆ ತಿರುಗಿಸಿ ತಳದ ಯೀಸ್ಟ್ ಸಮೇತ ಸೇರಿಸಿ. ಸುರಿಯುವವರು ಒಬ್ಬರು, ಮೂಸುವವರು ಇನ್ನೊಬ್ಬರು ಆಗಿರಲಿ. ಹೆಸರು ಗೊತ್ತಿದ್ದರೆ ನಾಲಿಗೆ ನಾವು ಅಂದುಕೊಂಡದ್ದನ್ನೇ ಹೇಳುತ್ತದೆ.

ಮೊದಲು ಯುಎಸ್-05 ಅನ್ನು ಗುರುತಿಸಲು ನೋಡಿ, ಅದು ಸುಲಭ. ನಾಲ್ಕಕ್ಕೂ ಫೆರುಲಿಕ್ ಆಮ್ಲ ಒಂದೇ ಅಳತೆಯಲ್ಲಿ ಸಿಕ್ಕಿದ್ದರೂ ಅದರಲ್ಲಿ ಲವಂಗ ಇರುವುದಿಲ್ಲ, ಹಿಟ್ಟಿನ ವಾಸನೆ ಇರುತ್ತದೆ. ಬಾಯಲ್ಲಿ ತೆಳ್ಳಗಿರುವುದು ಡಬ್ಲ್ಯೂಬಿ-06. ಕಷ್ಟ ಬರುವುದು 3068 ಮತ್ತು ಮ್ಯೂನಿಕ್ ಕ್ಲಾಸಿಕ್ ನಡುವೆ. ಅವುಗಳಲ್ಲಿ ಒಂದನ್ನು ಎರಡು ಲೋಟಕ್ಕೂ ಇನ್ನೊಂದನ್ನು ಒಂದು ಲೋಟಕ್ಕೂ ಸುರಿದು, ಬೇರೆಯದು ಯಾವುದು ಅಂತ ಹುಡುಕಲು ಹೇಳಿ. ಹುಡುಕಲು ಆಗದಿದ್ದರೆ ದುಬಾರಿ ಪ್ಯಾಕ್ ಕೊಳ್ಳುವ ಅಗತ್ಯವೇ ಇಲ್ಲ.

ಮುಂದಿನ ಬ್ಯಾಚ್

ಹಿಡಿಸಿದ ಯೀಸ್ಟ್ ಒಂದನ್ನೇ ಇಟ್ಟುಕೊಂಡು ಈ ಸಲ ಬಿಸಿಯನ್ನು ಬದಲಿಸಿ. ಎರಡು ಪಾತ್ರೆ, ಒಂದು 17 ಡಿಗ್ರಿ, ಇನ್ನೊಂದು 22. ಮೊದಲನೆಯದರಲ್ಲಿ ಲವಂಗ, ಎರಡನೆಯದರಲ್ಲಿ ಬಾಳೆ. ಹೊಸ ಹೊಸ ಪ್ಯಾಕೆಟ್ ಹುಡುಕುವುದಕ್ಕಿಂತ ಇದರಿಂದ ಸಿಗುವ ವ್ಯತ್ಯಾಸ ಕೆಲವೊಮ್ಮೆ ದೊಡ್ಡದು. ಆಮೇಲೆ ಬೇಕಾದರೆ 44 ಡಿಗ್ರಿಯ ಹಂತವನ್ನು ಬಿಟ್ಟು ಮಾಡಿ ನೋಡಿ, ಲವಂಗ ಎಷ್ಟು ಇಳಿಯುತ್ತದೆ ಅಂತ ಗೊತ್ತಾಗುತ್ತದೆ.

ಹೊಸ ಯೀಸ್ಟ್ ಕೊಳ್ಳಬೇಕಿಲ್ಲ. 3068ರ ತಳದ ಗಸಿಯನ್ನು ಸ್ಯಾನಿಟೈಸ್ ಮಾಡಿದ ಜಾಡಿಗೆ ಹಾಕಿ, ಮುಚ್ಚಳ ಸಡಿಲ ಬಿಟ್ಟು ಫ್ರಿಜ್ಜಿನಲ್ಲಿಡಿ, ಒಂದೆರಡು ವಾರದೊಳಗೆ ಬಳಸಿ. ಡಬ್ಲ್ಯೂಬಿ-06ರ ಗಸಿಯನ್ನು ಮಾತ್ರ ಇಟ್ಟುಕೊಳ್ಳಬೇಡಿ, ಚೆಲ್ಲಿ, ಪಾತ್ರೆಯನ್ನು ಕುದಿನೀರಿನಲ್ಲಿ ತೊಳೆಯಿರಿ.